ಪ್ರಶ್ನೋತ್ತರ: ಲಿಪೊ ಬ್ಯಾಟರಿಗೆ ಮನೆಯಲ್ಲೇ ಚಾರ್ಜಿಂಗ್ ಕೇಬಲ್

ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ವಿಮಾನ, ಡ್ರೋನ್, ರೇಸಿಂಗ್ ಕಾರುಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಚಾರ್ಜಿಂಗ್ ಕೇಬಲ್ ತಾವೇ ಮಾಡಿಕೊಳ್ಳಲು ಹೊರಟವರ ಪತ್ರಗಳು ಈ ಸಲ ಸಾಲುಗಟ್ಟಿ ಬಂದಿವೆ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ. ಹೆಸರು ಬೇಡ ಎಂದು ಕೆಲವರು ಕೇಳಿದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದೆ.

ಪ್ರಶ್ನೆ: ನನ್ನದು 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ) 2200 ಎಂಎಎಚ್ ಬ್ಯಾಟರಿ, ತುದಿಯಲ್ಲಿ ಎಕ್ಸ್‌ಟಿ60 ಕನೆಕ್ಟರ್. ಚಾರ್ಜರ್ ಜೊತೆ ಬಂದ ಕೇಬಲ್‌ನಲ್ಲಿ ಟಿ ಪ್ಲಗ್ ಇದೆ. ಅದಕ್ಕೇ ಬನಾನಾ ಪ್ಲಗ್‌ನಿಂದ (ಚಾರ್ಜರ್‌ನ ತೂತಿಗೆ ಸಿಕ್ಕಿಸುವ ಒಂಟಿ ಪಿನ್) ಎಕ್ಸ್‌ಟಿ60ಗೆ ನಾನೇ ಕೇಬಲ್ ಮಾಡಲು ಕೂತೆ. 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ. ಸೋಲ್ಡರ್ ಪಿನ್‌ಗೆ ಹಿಡಿಯುತ್ತಲೇ ಇಲ್ಲ, ಉಂಡೆಯಾಗಿ ಉರುಳುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗಿ ಪಿನ್ ಒಂದು ಕಡೆಗೆ ವಾಲಿತು. ಎಲ್ಲಿ ತಪ್ಪಾಗಿದೆ? (ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉತ್ತರ: ತಪ್ಪು ಕೈಯಲ್ಲಿಲ್ಲ, ಐರನ್‌ನಲ್ಲಿದೆ. 25 ವ್ಯಾಟ್ ಐರನ್ ಸರ್ಕ್ಯೂಟ್ ಬೋರ್ಡ್ ಕೆಲಸಕ್ಕೆ ಚೆನ್ನ. ರೆಸಿಸ್ಟರ್, ಐಸಿ ಕಾಲು, ಇಂಥವಕ್ಕೆ ಸಾಕು. ಆದರೆ ಎಕ್ಸ್‌ಟಿ60ಯ ಪಿನ್ 3.5 ಮಿಲಿಮೀಟರ್ ದಪ್ಪದ ಲೋಹದ ತುಂಡು, ಅದಕ್ಕೆ ದಪ್ಪ ತಾಮ್ರದ ವೈರ್ ಬೇರೆ ಸೇರುತ್ತದೆ. ಎರಡೂ ಸೇರಿ ಐರನ್ ಕೊಟ್ಟ ಶಾಖವನ್ನೆಲ್ಲ ಹೀರಿಕೊಳ್ಳುತ್ತವೆ. ಐರನ್ ಮುಟ್ಟಿಸಿದ ಕೂಡಲೇ ಅದರ ತುದಿಯೇ ತಣ್ಣಗಾಗುತ್ತದೆ. ಆಗ ನಾವು ಏನು ಮಾಡುತ್ತೇವೆ, ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತೇವೆ, ಅಲ್ವಾ? ಅಷ್ಟರಲ್ಲಿ ಶಾಖ ನಿಧಾನಕ್ಕೆ ಪಿನ್ ಉದ್ದಕ್ಕೂ ಹರಿದು ನೈಲಾನ್ ಕವಚಕ್ಕೆ ಹೋಗಿ ಅದನ್ನು ಮೆತ್ತಗೆ ಮಾಡುತ್ತದೆ. ಬೆಸುಗೆ ಆಗುವ ಮೊದಲೇ ಪ್ಲಾಸ್ಟಿಕ್ ಹೋಯಿತು. ಹಾಗಾಗಿ ಇಲ್ಲಿ ಚಿಕ್ಕ ಐರನ್ನೇ ಜಾಸ್ತಿ ಹಾಳು ಮಾಡುತ್ತದೆ, ದೊಡ್ಡದಲ್ಲ. 60 ವ್ಯಾಟ್ ಅಥವಾ ಮೇಲಿನದು, ತಾಪಮಾನ ಹಿಡಿತದಲ್ಲಿಡುವಂಥದ್ದು ಇದ್ದರೆ 380 ರಿಂದ 400 ಡಿಗ್ರಿಗೆ ಇಟ್ಟು, ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸಿ ಕೈ ತೆಗೆಯಬೇಕು.

ಇನ್ನೊಂದು ವಿಷಯ ತುದಿಯದು. ಪೆನ್ಸಿಲ್ ಥರ ಚೂಪಾದ ತುದಿ ಇದಕ್ಕೆ ಬರುವುದಿಲ್ಲ. ಪಿನ್‌ಗೆ ತಾಗುವ ಜಾಗವೇ ಇರುವುದಿಲ್ಲವಾದ್ದರಿಂದ ಶಾಖ ದಾಟುವುದಿಲ್ಲ. ಉಳಿಯ ಹಾಗೆ ಚಪ್ಪಟೆ ಇರುವ 3 ರಿಂದ 5 ಮಿಲಿಮೀಟರ್ ಅಗಲದ ತುದಿ ತಗೊಳ್ಳಿ. ಬೆಂಗಳೂರಿಗೆ ಹೋಗಿ ಬರುವವರಿದ್ದರೆ ಎಸ್‌ಪಿ ರಸ್ತೆಯಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಐರನ್ನೂ ತುದಿಯೂ ಕನೆಕ್ಟರೂ ವೈರೂ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ದುಡ್ಡು ಹಾಕುವುದಾದರೆ ಐರನ್‌ಗೆ ಹಾಕಿ. ಕೇಬಲ್ ಸಾಮಾನು ಅಗ್ಗದ್ದು.

ಈಗ ಕೆಲಸಕ್ಕೆ ಬರೋಣ. ಎಕ್ಸ್‌ಟಿ60 ಜೊತೆಗೆ ಅದರ ಜೋಡಿ ತುದಿಯನ್ನೂ ಕೊಂಡಿರುತ್ತೀರಿ. ಬೆಸುಗೆ ಹಾಕುವಾಗ ಆ ಖಾಲಿ ಜೋಡಿಯನ್ನು ಎದುರಿಂದ ಸಿಕ್ಕಿಸಿಯೇ ಇಡಿ. ಅದು ಸ್ವಲ್ಪ ಶಾಖ ಎಳೆದುಕೊಳ್ಳುತ್ತದೆ, ಅದಕ್ಕಿಂತ ಮುಖ್ಯವಾಗಿ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್‌ಗಳು ವಾಲದಂತೆ ನೇರ ಹಿಡಿದಿರುತ್ತದೆ. ಬ್ಯಾಟರಿ ಇರುವ ತುದಿಯನ್ನು ಇದಕ್ಕೆ ಬಳಸಬೇಡಿ ಎಂದು ಹೇಳಬೇಕಿಲ್ಲ ಅಂದುಕೊಂಡಿದ್ದೆ, ಆದರೂ ಹೇಳಿಬಿಡುತ್ತೇನೆ.

ವೈರ್ ತುದಿ ಐದಾರು ಮಿಲಿಮೀಟರ್ ಸುಲಿದು, ಎಳೆಗಳನ್ನು ಹೊಸೆದು, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ) ಕೊಳವೆಯನ್ನು ಈಗಲೇ ವೈರ್‌ಗೆ ಹಾಕಿ ದೂರ ಸರಿಸಿಡಿ. ಬೆಸುಗೆ ಆದಮೇಲೆ ಅದು ಕನೆಕ್ಟರ್ ಮೇಲಿಂದ ಬರುವುದಿಲ್ಲ. ಆಮೇಲೆ ವೈರ್‌ಗೆ ಬೇರೆ, ಪಿನ್‌ನ ಹಿಂಬದಿಯ ಬಟ್ಟಲಿಗೆ ಬೇರೆ, ಎರಡಕ್ಕೂ ಮೊದಲು ಕಲಾಯಿ, ಅಂದರೆ ಸೋಲ್ಡರ್ ಲೇಪ, ಆಗಬೇಕು. ಸ್ವಲ್ಪ ರೋಸಿನ್ ಪೇಸ್ಟ್ (ಸೋಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್) ಸವರಿ, ಐರನ್ ತುದಿಗೆ ಒಂದು ಹನಿ ಸೋಲ್ಡರ್ ಹಿಡಿಸಿ ಅದನ್ನು ವೈರ್‌ಗೆ ಮುಟ್ಟಿಸಿ. ನಡುವೆ ಕರಗಿದ ಸೋಲ್ಡರ್ ಇದ್ದರೆ ಶಾಖ ಬೇಗ ದಾಟುತ್ತದೆ. ಸರಿಯಾಗಿ ಬಿಸಿಯಾದಾಗ ಸೋಲ್ಡರ್ ಎಳೆಗಳ ನಡುವೆ ತಾನೇ ನುಗ್ಗುತ್ತದೆ, ತಾಮ್ರದ ಕೆಂಪು ಒಂದು ಕ್ಷಣದಲ್ಲಿ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಮಾತ್ರ ಮೆತ್ತಿಕೊಂಡು ಕೂತಿದ್ದರೆ ಇನ್ನೂ ಬಿಸಿ ಸಾಲದು. ಪಿನ್‌ನ ಬಟ್ಟಲಿನಲ್ಲೂ ಅರ್ಧದಷ್ಟು ತುಂಬಿಸಿ. ಕೊನೆಗೆ ಬಟ್ಟಲನ್ನು ಕಾಯಿಸಿ, ಸೋಲ್ಡರ್ ಕರಗಿದ್ದು ಕಂಡ ಕೂಡಲೇ ವೈರ್ ಅದರಲ್ಲಿ ಅದ್ದಿ, ಐರನ್ ತೆಗೆದು, ವೈರ್ ಅಲುಗಾಡದಂತೆ ಹಿಡಿಯಿರಿ. ಹೆಪ್ಪುಗಟ್ಟುವ ಹೊತ್ತಿನಲ್ಲಿ ಅಲುಗಿದರೆ ಒಳಗೆ ಬಿರುಕು ಬೀಳುತ್ತದೆ, ಮೇಲೆ ಮಂಕಾಗಿ ಒರಟಾಗಿ ಕಾಣುತ್ತದೆ. 63/37 ಸೋಲ್ಡರ್ (63 ಭಾಗ ತವರ, 37 ಭಾಗ ಸೀಸ) ಸಿಕ್ಕರೆ ಅದನ್ನೇ ತಗೊಳ್ಳಿ. ಅದು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಕೂಡ ನಡೆಯುತ್ತದೆ, ಗಟ್ಟಿಯಾಗುವ ಮುನ್ನ ಒಂದಿಷ್ಟು ಹೊತ್ತು ಪೇಸ್ಟ್ ಥರ ಇರುತ್ತದೆ ಅಷ್ಟೇ.

ರೇಡಿಯೇಟರ್ ಅಂಗಡಿಯಲ್ಲಿ, ಪಾತ್ರೆ ಬೆಸುಗೆಯಲ್ಲಿ ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಬೇಡ. ತಕ್ಷಣ ಸೊಗಸಾಗಿ ಹಿಡಿಯುತ್ತದೆ ನಿಜ. ಆಮೇಲೆ ವೈರ್ ಒಳಗೆ ಉಳಿದದ್ದು ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ.

ಎಕ್ಸ್‌ಟಿ60 ಪ್ಲಾಸ್ಟಿಕ್ ಮೇಲೆ ಪ್ಲಸ್, ಮೈನಸ್ ಗುರುತು ಅಚ್ಚಾಗಿರುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಂಪು ವೈರ್ ಹಾಕಿ. ಬ್ಯಾಟರಿಯಲ್ಲಿ ಲೋಹ ಒಳಗೆ ಹುದುಗಿರುವ ತೂತಿನ ತುದಿ ಇರುತ್ತದೆ, ಚಾರ್ಜಿಂಗ್ ಕೇಬಲ್‌ಗೆ ಪಿನ್ ಎದ್ದುನಿಂತ ತುದಿ ಬರಬೇಕು. ಮುಗಿದ ಮೇಲೆ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ನೋಡಿ. ಕೆಂಪು ಬನಾನಾದಿಂದ ಪ್ಲಸ್ ಪಿನ್‌ಗೆ ಸದ್ದು ಬರಬೇಕು. ಕೆಂಪಿನಿಂದ ಕಪ್ಪಿಗೆ ಬರಲೇಬಾರದು. ವೈರ್ ಅಲುಗಾಡಿಸುತ್ತಾ ಇನ್ನೊಮ್ಮೆ ನೋಡಿ. ಉಲ್ಟಾ ಕೊಟ್ಟರೆ ಚಾರ್ಜರ್ ತಾನೇ ಕೂಗುತ್ತದೆ ಎನ್ನುವ ಧೈರ್ಯ ಬೇಡ. ಎಷ್ಟೋ ಚಾರ್ಜರ್ ಕೂಗುತ್ತವೆ, ಎಲ್ಲವೂ ಅಲ್ಲ.

ಪ್ರಶ್ನೆ: ಬ್ಯಾಟರಿಯಲ್ಲಿ 12 ಗೇಜ್ ವೈರ್ ಇದೆ. ಚಾರ್ಜಿಂಗ್ ಕೇಬಲ್‌ಗೂ ಅಷ್ಟೇ ದಪ್ಪ ಬೇಕಾ? ಮನೆ ವೈರಿಂಗ್ ಮಾಡಿದಾಗ ಉಳಿದ 1.5 ಚದರ ಮಿಲಿಮೀಟರ್ ವೈರ್ ಇದೆ, ಅದು ಸಾಕಾಗಲ್ವಾ? (ಹುಬ್ಬಳ್ಳಿ)

ಉತ್ತರ: 12 ಗೇಜ್ ಬೇಡ. (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ವೈರ್ ತೆಳು.) ಹಾರುವಾಗ ಬ್ಯಾಟರಿಯಿಂದ 30, 40 ಆಂಪಿಯರ್ ಹೊರಗೆ ಹೋಗುತ್ತದೆ, ದಪ್ಪ ವೈರ್ ಇರುವುದು ಅದಕ್ಕೆ. ಚಾರ್ಜ್ ಮಾಡುವಾಗ 2200 ಎಂಎಎಚ್ ಬ್ಯಾಟರಿಗೆ 1ಸಿ ಲೆಕ್ಕದಲ್ಲಿ, ಅಂದರೆ ಬ್ಯಾಟರಿಯ ಎಎಚ್ ಎಷ್ಟೋ ಅಷ್ಟೇ ಆಂಪಿಯರ್ ಎಂದು ಹಿಡಿದರೆ, 2.2 ಆಂಪಿಯರ್ ಒಳಗೆ ಹೋಗುತ್ತದೆ, ಅಷ್ಟೇ. 16 ಗೇಜ್ ಧಾರಾಳ ಸಾಕು, 5 ಆಂಪಿಯರ್‌ವರೆಗೆ ಹೋಗುವವರು 14 ಹಾಕಿಕೊಳ್ಳಲಿ. ವೈರ್ ತೆಳುವಾದಷ್ಟೂ ಬೆಸುಗೆ ಸುಲಭ, ಅದೂ ಒಂದು ಲಾಭ.

ಮನೆ ವೈರ್ ವಿದ್ಯುತ್ ಹೊರುತ್ತದೆ, ಆ ಲೆಕ್ಕದಲ್ಲಿ ತೊಂದರೆ ಇಲ್ಲ. ತೊಂದರೆ ಬೇರೆ ಕಡೆ ಇದೆ. ಅದರ ಪಿವಿಸಿ ಹೊದಿಕೆ ಐರನ್ ಬಿಸಿಗೆ ಹಿಂದಕ್ಕೆ ಸರಿದು ಬೋಳು ತಾಮ್ರ ಹೊರಗೆ ಬರುತ್ತದೆ. ಸಿಲಿಕೋನ್ ಹೊದಿಕೆ 200 ಡಿಗ್ರಿ ತಡೆಯುವಂಥದ್ದು, ಐರನ್ ತಾಗಿದರೂ ಕರಗುವುದಿಲ್ಲ. ಮತ್ತೆ ಮನೆ ವೈರ್ ಸೆಟೆದು ನಿಲ್ಲುತ್ತದೆ. ದಿನಾ ಎಳೆದು ಬಗ್ಗಿಸುವ ಕೇಬಲ್‌ಗೆ ಅದು ಆಗಿಬರುವುದಿಲ್ಲ, ಸೋಲ್ಡರ್ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಸಿಲಿಕೋನ್ ವೈರ್ ಒಳಗೆ ಕೂದಲಿನಷ್ಟು ಸಣ್ಣ ಎಳೆಗಳು ನೂರಾರು ಇರುತ್ತವೆ, ಅದಕ್ಕೇ ಅದು ಅಷ್ಟು ಮೆತ್ತಗೆ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಅಗ್ಗದ ವೈರ್‌ನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಪದರ ಕೊಟ್ಟಿರುತ್ತಾರೆ. ಒಂದು ಎಳೆ ತೆಗೆದು ಬ್ಲೇಡಿನಲ್ಲಿ ಕೆರೆಯಿರಿ. ಕೆಂಪು ಹೋಗಿ ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ, ವಾಪಸ್ ಕೊಡಿ. ಮೇಲೆ ಬಿಳಿ ಇದ್ದು ಕೆರೆದಾಗ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ, ಒಳ್ಳೆಯದೇ, ಬೆಸುಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಬನಾನಾ ಪ್ಲಗ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಮೂರ್ನಾಲ್ಕು ಜನ ಕೇಳಿದ್ದಾರೆ. ಪಕ್ಕದಲ್ಲಿ ಸ್ಕ್ರೂ ಇರುವ ಪ್ಲಗ್ ಆದರೆ ವೈರ್ ತುದಿಗೆ ಕಲಾಯಿ ಮಾಡಬೇಡಿ. ಸೋಲ್ಡರ್ ಮೆತ್ತನೆಯ ಲೋಹ, ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಹರಡಿಕೊಂಡು ಹಿಡಿತ ಸಡಿಲವಾಗುತ್ತದೆ. ಬರೀ ತಾಮ್ರದ ಎಳೆಗಳನ್ನು ಮಡಚಿ ಸ್ಕ್ರೂ ಬಿಗಿ ಮಾಡಿ. ಬೆಸುಗೆಗೆ ಬಟ್ಟಲು ಇರುವ ಪ್ಲಗ್ ಆದರೆ ಎಕ್ಸ್‌ಟಿ60ಗೆ ಹೇಳಿದ ಕ್ರಮವೇ.

ಪ್ರಶ್ನೆ: ನನ್ನ ಮಗ ಕೇಬಲ್ ಮಾಡಿ ಮೊದಲು ಬ್ಯಾಟರಿಗೆ ಸಿಕ್ಕಿಸಿದ. ಬನಾನಾ ಪ್ಲಗ್ ಎರಡೂ ಮೇಜಿನ ಮೇಲೆ ಒಂದಕ್ಕೊಂದು ತಾಗಿ ಪಟಾರ್ ಎಂದು ಕಿಡಿ ಹಾರಿತು, ಪ್ಲಗ್ ತುದಿ ಸುಟ್ಟು ಹೋಗಿದೆ. ಬ್ಯಾಟರಿ ಇನ್ನು ಬಳಸಬಹುದಾ? ಕೇಬಲ್ ಮಾಡುವ ಹುಚ್ಚೇ ಬಿಡಿಸಬೇಕಾ? (ಮೈಸೂರು)

ಉತ್ತರ: ಹುಚ್ಚು ಬಿಡಿಸಬೇಡಿ. ಕೇಬಲ್ ಸರಿಯಾಗಿಯೇ ಇದೆ, ಸಿಕ್ಕಿಸಿದ ಕ್ರಮ ತಪ್ಪು. ಅಂಗಡಿಯಿಂದ ತಂದ ಕೇಬಲ್ ಆಗಿದ್ದರೂ ಹೀಗೇ ಆಗುತ್ತಿತ್ತು.

ಬನಾನಾ ಪ್ಲಗ್ ಬೋಳು ಲೋಹ. ಬ್ಯಾಟರಿಗೆ ಸಿಕ್ಕಿಸಿದ ಕ್ಷಣದಿಂದ ಆ ಎರಡು ತುದಿಯೇ ಬ್ಯಾಟರಿಯ ಎರಡು ತುದಿ. ತುಂಬಿದ 3ಎಸ್ ಬ್ಯಾಟರಿ 12.6 ವೋಲ್ಟ್. ಕೈಗೆ ಶಾಕ್ ಹೊಡೆಯುವಷ್ಟಲ್ಲ, ಆದ್ದರಿಂದ ಜನ ಸಲೀಸಾಗಿ ತಗೊಳ್ಳುತ್ತಾರೆ. ಆದರೆ ಅದರ ಒಳರೋಧ ತೀರಾ ಕಡಿಮೆ. ಇಡೀ ಪ್ಯಾಕ್‌ಗೆ 30 ಮಿಲಿಓಮ್ ಅಂದುಕೊಂಡರೆ, ಎರಡು ತುದಿ ನೇರ ತಾಗಿದಾಗ ಲೆಕ್ಕಕ್ಕೆ 400 ಆಂಪಿಯರ್ ದಾಟುತ್ತದೆ. ಕೇಬಲ್ ಮತ್ತು ತಾಗಿದ ಜಾಗದ ರೋಧದಿಂದ ಅಷ್ಟು ಹರಿಯದೇ ಇದ್ದರೂ ಪ್ಲಗ್ ಸುಡಲು ಬೇಕಾದಷ್ಟು ಹರಿಯಿತು, ನೀವೇ ನೋಡಿದಿರಿ.

ಕ್ರಮ ಇಷ್ಟೇ. ಮೊದಲು ಬನಾನಾ ಚಾರ್ಜರ್‌ಗೆ, ಬ್ಯಾಟರಿ ಕೊನೆಗೆ. ತೆಗೆಯುವಾಗ ಬ್ಯಾಟರಿ ಮೊದಲು. ಇದನ್ನು ಚೀಟಿ ಬರೆದು ಚಾರ್ಜರ್ ಮೇಲೆ ಅಂಟಿಸಿ, ನಾಚಿಕೆ ಏನಿಲ್ಲ. ಸುತ್ತ ಪ್ಲಾಸ್ಟಿಕ್ ಕವಚ ಇರುವ ಬನಾನಾ ಪ್ಲಗ್ ಸಿಗುತ್ತದೆ, ಚಾರ್ಜರ್‌ನ ತೂತಿಗೆ ಅದು ಹೊಂದುವುದಾದರೆ ಅದನ್ನೇ ಹಾಕಿಸಿ. ಇಲ್ಲವೇ ಚಾರ್ಜರ್‌ನಲ್ಲೇ ಎಕ್ಸ್‌ಟಿ60 ತೂತು ಇರುವ ಮಾದರಿ ಈಗ ಬೇಕಾದಷ್ಟಿವೆ, ಅಲ್ಲಿ ಈ ತಾಪತ್ರಯವೇ ಇಲ್ಲ.

ಬ್ಯಾಟರಿ ವಿಷಯ. ಕಿಡಿ ಹಾರಿದ್ದು ಕ್ಷಣ ಮಾತ್ರ ಆಗಿದ್ದರೆ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಸುಮ್ನೆ ನಂಬಬೇಡಿ. ಮನೆಯಿಂದ ಹೊರಗೆ, ಸಿಮೆಂಟ್ ನೆಲದ ಮೇಲೆ ಅಥವಾ ಮಣ್ಣಿನ ಕುಂಡದಲ್ಲಿ, ಸುತ್ತ ಉರಿಯುವಂಥದ್ದು ಏನೂ ಇಲ್ಲದ ಕಡೆ ಇಟ್ಟು ಒಂದು ದಿನ ಗಮನಿಸಿ. ಬಿಸಿಯಾಗುತ್ತಿದೆಯಾ, ಉಬ್ಬಿದೆಯಾ, ಸಿಹಿಯಾದ ಕೆಮಿಕಲ್ ವಾಸನೆ ಬರುತ್ತಿದೆಯಾ? ಒಂದಿದ್ದರೂ ಅದರ ಕಥೆ ಮುಗಿಯಿತು. ಏನೂ ಇಲ್ಲದಿದ್ದರೆ ಬ್ಯಾಲೆನ್ಸ್ ವೈರ್‌ನಲ್ಲಿ (ಪ್ರತಿ ಸೆಲ್‌ಗೂ ಸೇರಿರುವ ಸಣ್ಣ ವೈರ್‌ಗಳ ಗೊಂಚಲು) ಒಂದೊಂದು ಸೆಲ್‌ನ ವೋಲ್ಟೇಜ್ ಅಳೆದು ಬರೆದಿಡಿ, ಮರುದಿನ ಮತ್ತೆ ಅಳೆಯಿರಿ. ಒಂದು ಸೆಲ್ ಮಾತ್ರ ಇಳಿಯುತ್ತಿದ್ದರೆ ಅದು ಕೆಟ್ಟಿದೆ. ಎಲ್ಲ ಸಮ ಇದ್ದರೆ ಮೊದಲ ಚಾರ್ಜ್ ಕಡಿಮೆ ಆಂಪಿಯರ್‌ನಲ್ಲಿ, ಪಕ್ಕದಲ್ಲೇ ಕೂತು ಮಾಡಿ. ಪ್ಲಗ್ ಮಾತ್ರ ಬದಲಿಸಲೇಬೇಕು, ಸುಟ್ಟ ಮೈ ಸರಿಯಾಗಿ ತಾಗುವುದಿಲ್ಲ.

ಪ್ರಶ್ನೆ: ಬೆಸುಗೆ ಸರಿ ಬಂದಿಲ್ಲ ಅನಿಸುತ್ತದೆ, ಮಂಕಾಗಿದೆ. ಆದರೆ ಚಾರ್ಜ್ ಚೆನ್ನಾಗೇ ಆಗುತ್ತಿದೆ, ಬಿಸಿಯೂ ಆಗಲ್ಲ. ಹಾಗೇ ಬಿಡಬಹುದಾ? ಇದೇ ಥರ ವಿಮಾನದ ಇಎಸ್‌ಸಿಗೂ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಹಾಕಿದ್ದೇನೆ. (ದಾವಣಗೆರೆ)

ಉತ್ತರ: ನಿಮ್ಮ ಕೊನೆಯ ವಾಕ್ಯ ಓದಿ ಗಾಬರಿಯಾಯಿತು. ಕೆಟ್ಟ ಬೆಸುಗೆ ಚಾರ್ಜಿಂಗ್‌ನಲ್ಲಿ ಗೊತ್ತೇ ಆಗುವುದಿಲ್ಲ. ಅದರ ರೋಧ 20 ಮಿಲಿಓಮ್ ಅಂತ ಇಟ್ಟುಕೊಳ್ಳಿ. ಶಾಖ ಅಂದರೆ ಆಂಪಿಯರ್ ವರ್ಗ ಗುಣಿಸು ರೋಧ. 2.2 ಆಂಪಿಯರ್‌ಗೆ 0.1 ವ್ಯಾಟ್ ಕೂಡ ಆಗಲಿಲ್ಲ, ಬೆರಳಿಗೆ ಏನೂ ತಿಳಿಯದು. ಅದೇ ಬೆಸುಗೆಯಲ್ಲಿ 40 ಆಂಪಿಯರ್ ಹರಿದರೆ 32 ವ್ಯಾಟ್. ಒಂದು ಐರನ್‌ನಷ್ಟು ಶಾಖ ಕನೆಕ್ಟರ್ ಒಳಗೇ ಹುಟ್ಟುತ್ತದೆ, ಸೋಲ್ಡರ್ ತಾನೇ ಕರಗಿ ವೈರ್ ಕಳಚಬಹುದು, ಅದೂ ವಿಮಾನ ಮೇಲಿದ್ದಾಗ. ಚಾರ್ಜಿಂಗ್ ಕೇಬಲ್ ಇವತ್ತು ಬಿಡುವಾದಾಗ ಸರಿಮಾಡಿ. ಇಎಸ್‌ಸಿಯದ್ದು ಸರಿಮಾಡದೆ ಹಾರಿಸಬೇಡಿ.

ಪ್ರಶ್ನೆ: ಹಳೆಯ ಬ್ಯಾಟರಿಗಳಲ್ಲಿ ಟಿ ಪ್ಲಗ್ ಇದೆ. ಎಲ್ಲವನ್ನೂ ಕತ್ತರಿಸಿ ಎಕ್ಸ್‌ಟಿ60 ಹಾಕೋಣ ಅಂತಿದ್ದೇನೆ. (ಮಂಗಳೂರು)

ಉತ್ತರ: ಹಾಕಿ, ಆದರೆ ಕತ್ತರಿ ಒಂದೇ ಏಟಿಗೆ ಎರಡೂ ವೈರ್ ಮೇಲೆ ಬೀಳಬಾರದು. ಕತ್ತರಿಯ ಲೋಹವೇ ಶಾರ್ಟ್ ಮಾಡುತ್ತದೆ. ಕಪ್ಪು ವೈರ್ ಕತ್ತರಿಸಿ, ತುದಿಗೆ ಟೇಪ್ ಸುತ್ತಿ. ಕೆಂಪನ್ನು ಕತ್ತರಿಸಿ ಹೊಸ ಕನೆಕ್ಟರ್‌ಗೆ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಎಳೆದು ಕುಗ್ಗಿಸಿ ಮುಗಿಸಿ. ಆಮೇಲೆ ಮಾತ್ರ ಕಪ್ಪಿನ ಟೇಪ್ ಬಿಚ್ಚಿ. ಬ್ಯಾಟರಿಯನ್ನು ಮೊದಲು ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿಕೊಂಡಿರಿ, ತುಂಬಿದ ಬ್ಯಾಟರಿ ಮೇಲೆ ಈ ಕೆಲಸ ಬೇಡ. ಬ್ಯಾಟರಿ ಎರಡೋ ಮೂರೋ ಇದ್ದರೆ ಮುಟ್ಟಲೇಬೇಡಿ, ಚಾರ್ಜರ್‌ಗೆ ಇನ್ನೊಂದು ಕೇಬಲ್ ಮಾಡಿಕೊಂಡರೆ ಮುಗಿಯಿತು. ಸತ್ತ ಕೇಬಲ್ ಮೇಲೆ ಬೆಸುಗೆ ಹಾಕುವುದು ಜೀವಂತ ಬ್ಯಾಟರಿ ಮೇಲೆ ಹಾಕುವುದಕ್ಕಿಂತ ಯಾವತ್ತೂ ಮೇಲು.

ಪ್ರಶ್ನೆ: 4ಎಸ್ 5000 ಎಂಎಎಚ್ ಬ್ಯಾಟರಿ ಚಾರ್ಜ್ ಆಗಲು ಎರಡು ಗಂಟೆ ಹಿಡಿಯುತ್ತದೆ. 5 ಆಂಪಿಯರ್ ಇಟ್ಟರೂ ಚಾರ್ಜರ್ 3ರ ಮೇಲೆ ಹೋಗಲ್ಲ. ದಪ್ಪ ಕೇಬಲ್ ಹಾಕಿದರೆ ಸರಿಹೋಗುತ್ತಾ? (ಬೆಳಗಾವಿ)

ಉತ್ತರ: ಇಲ್ಲ. ನಿಮ್ಮದು 50 ವ್ಯಾಟ್ ಚಾರ್ಜರ್ ಇರಬೇಕು. 4ಎಸ್ ಅಂದರೆ ಸುಮಾರು 16 ವೋಲ್ಟ್, 50 ಭಾಗಿಸು 16, ಮೂರು ಆಂಪಿಯರ್ ಚಿಲ್ಲರೆ. ಕೇಬಲ್ ಪಾಪ ಏನೂ ಮಾಡಿಲ್ಲ. ಬೇಗ ಆಗಬೇಕಿದ್ದರೆ 100 ವ್ಯಾಟ್ ಚಾರ್ಜರ್ ನೋಡಿ.

ಪ್ರಶ್ನೆ: ಒಂದೇ ಚಾರ್ಜರ್‌ನಲ್ಲಿ ಮೂರು ಬ್ಯಾಟರಿ ಒಟ್ಟಿಗೆ ಚಾರ್ಜ್ ಮಾಡಲು ಪ್ಯಾರಲಲ್ ಕೇಬಲ್ ಬೆಸುಗೆ ಹಾಕಿಕೊಳ್ಳಬಹುದಾ? (ಶಿವಮೊಗ್ಗ)

ಉತ್ತರ: ಹಾಕಿಕೊಳ್ಳಬಹುದು, ಹಾಕಿಕೊಳ್ಳಬೇಡಿ. ಒಂದು 3ಎಸ್ ಬ್ಯಾಟರಿ ತುಂಬಿದೆ, ಸೆಲ್‌ಗೆ 4.2. ಇನ್ನೊಂದು 3.7ರಲ್ಲಿದೆ. ಎರಡನ್ನೂ ಸೇರಿಸಿದ ಕೂಡಲೇ 1.5 ವೋಲ್ಟ್ ವ್ಯತ್ಯಾಸ. ಎರಡು ಪ್ಯಾಕ್‌ನ ರೋಧ ಸೇರಿ 60 ಮಿಲಿಓಮ್ ಹಿಡಿದರೆ 25 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ, ಚಾರ್ಜರ್ ಆನ್ ಇಲ್ಲದಿದ್ದರೂ. ಅಷ್ಟು ಬ್ಯಾಲೆನ್ಸ್ ವೈರ್ ಮೂಲಕ ಹರಿದರೆ ಆ ಕೂದಲೆಳೆ ವೈರ್ ಉಳಿಯುವುದಿಲ್ಲ. ಅದಕ್ಕೇ ಪ್ರತಿ ಬ್ಯಾಟರಿಗೂ ಫ್ಯೂಸ್ ಇರುವ ರೆಡಿಮೇಡ್ ಪ್ಯಾರಲಲ್ ಬೋರ್ಡ್ ಕೊಳ್ಳುವುದೇ ಸರಿ. ಎಲ್ಲವೂ ಒಂದೇ ಸೆಲ್ ಸಂಖ್ಯೆ, ಸೆಲ್‌ಗೆ 0.1 ವೋಲ್ಟ್ ಒಳಗಿನ ವ್ಯತ್ಯಾಸ, ಮೊದಲು ದಪ್ಪ ವೈರ್, ಸ್ವಲ್ಪ ಹೊತ್ತು ಬಿಟ್ಟು ಬ್ಯಾಲೆನ್ಸ್ ವೈರ್. ಉಬ್ಬಿದ ಬ್ಯಾಟರಿ ಆ ಗುಂಪಿಗೆ ಸೇರಲೇಬಾರದು.

ಪ್ರಶ್ನೆ: ನಾವು ಹಾರಿಸುವ ಬಯಲಲ್ಲಿ ಕರೆಂಟ್ ಇಲ್ಲ. ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿಯಿಂದ ಚಾರ್ಜರ್ ಓಡಿಸಲು ಕೇಬಲ್ ಮಾಡುತ್ತಿದ್ದೇನೆ. ಏನು ಗಮನಿಸಬೇಕು? (ಹಾವೇರಿ)

ಉತ್ತರ: ಫ್ಯೂಸ್. ಲೆಡ್ ಆಸಿಡ್ ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣು ದೂರದೊಳಗೆ 10 ಆಂಪಿಯರ್‌ನ ಬ್ಲೇಡ್ ಫ್ಯೂಸ್ ಇರಬೇಕು. ಕಾರು, ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಹೋಲ್ಡರ್ ಸಮೇತ ಸಿಗುತ್ತದೆ. ಫ್ಯೂಸನ್ನು ಚಾರ್ಜರ್ ಹತ್ತಿರ ಹಾಕಿದರೆ ನಡುವಿನ ವೈರ್ ಶಾರ್ಟ್ ಆದಾಗ ಅದು ಕಾಯುವುದಿಲ್ಲ. ಮೊಸಳೆ ಕ್ಲಿಪ್ಪಿಗಿಂತ ಆ ಬ್ಯಾಟರಿಯ ಚಪ್ಪಟೆ ತುದಿಗೆ ಕೂರುವ ಸ್ಪೇಡ್ ಕ್ಲಿಪ್ ಒಳ್ಳೆಯದು, ಗಾಳಿಗೆ ಕಾಲಿಗೆ ಸಿಕ್ಕಿ ಜಾರುವುದಿಲ್ಲ.

ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಕಾಗದದ ಮೇಲೆ ಅದು 84 ವ್ಯಾಟ್ ಅವರ್, ಒಂದು 3ಎಸ್ 2200 ಎಂಎಎಚ್ ಬ್ಯಾಟರಿ ಸುಮಾರು 24. ಮೂರು ಸಲ ಆಗುತ್ತದೆ ಅನಿಸುತ್ತದೆ, ಆದರೆ 7 ಎಎಚ್ ಅನ್ನುವುದು 20 ಗಂಟೆ ನಿಧಾನಕ್ಕೆ ತೆಗೆದಾಗಿನ ಲೆಕ್ಕ. ಚಾರ್ಜರ್ 3 ಆಂಪಿಯರ್‌ನಂತೆ ಎಳೆಯುವಾಗ ಅಷ್ಟು ಸಿಗುವುದಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಲೆಡ್ ಆಸಿಡ್ ಆಯಸ್ಸೂ ಕಡಿಮೆಯಾಗುತ್ತದೆ. ಒಂದು ಸಲ ನೆಮ್ಮದಿಯಾಗಿ, ಎರಡನೆಯದು ಕಷ್ಟಪಟ್ಟು.

ಪ್ರಶ್ನೆ: ಬ್ಯಾಲೆನ್ಸ್ ವೈರ್ ಗಿಡ್ಡ ಇದೆ, ಉದ್ದ ಮಾಡಲು ಬೆಸುಗೆ ಹಾಕಬಹುದಾ? (ಕಲಬುರಗಿ)

ಉತ್ತರ: ಬೇಡ. ಜೆಎಸ್‌ಟಿ ಎಕ್ಸ್‌ಎಚ್ (ಬ್ಯಾಲೆನ್ಸ್ ವೈರ್ ತುದಿಯ ಕನೆಕ್ಟರ್) ಎಕ್ಸ್‌ಟೆನ್ಶನ್ ರೆಡಿ ಸಿಗುತ್ತದೆ, ನಿಮ್ಮ ಸೆಲ್ ಸಂಖ್ಯೆಯದ್ದು ತಗೊಳ್ಳಿ. 3ಎಸ್‌ಗೆ ನಾಲ್ಕು ವೈರ್, 4ಎಸ್‌ಗೆ ಐದು. ಬೆಸುಗೆಯಲ್ಲಿ ಎರಡು ವೈರ್ ಅದಲುಬದಲಾದರೆ ಒಂದು ಸೆಲ್ ಶಾರ್ಟ್ ಆಗಬಹುದು.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಗು ಇದೆ. ಸೋಲ್ಡರ್ ಹೊಗೆಯಿಂದ ಸೀಸ ಮೈಗೆ ಸೇರುತ್ತದಂತೆ, ನಿಜವಾ? (ಬೆಂಗಳೂರು)

ಉತ್ತರ: ಹೊಗೆ ಬರುವುದು ಮುಖ್ಯವಾಗಿ ರೋಸಿನ್‌ನಿಂದ. ಐರನ್ ಬಿಸಿಗೆ ಸೀಸ ಆವಿಯಾಗುವುದು ಲೆಕ್ಕಕ್ಕಿಲ್ಲದಷ್ಟು. ಹಾಗಂತ ರೋಸಿನ್ ಹೊಗೆ ಒಳ್ಳೆಯದಲ್ಲ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಕಿಟಕಿ ತೆಗೆದು ಚಿಕ್ಕ ಫ್ಯಾನ್ ಇಡಿ. ಸೀಸ ಸೇರುವುದು ಕೈಯಿಂದ ಬಾಯಿಗೆ. ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವವರಿದ್ದಾರೆ, ಆ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಊಟದ ಮೇಜಿನ ಮೇಲೆ ಕೆಲಸ ಬೇಡ, ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೆಯಿರಿ, ಕೆಳಗೆ ಬಿದ್ದ ಸೋಲ್ಡರ್ ಹನಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅಂಬೆಗಾಲಿಡುವ ಮಗು ಮೊದಲು ಎತ್ತಿಕೊಳ್ಳುವುದು ಅದನ್ನೇ. ಸೀಸ ಇಲ್ಲದ ಸೋಲ್ಡರ್ ಬಳಸುತ್ತೇನೆ ಅಂದರೆ ಅದೂ ಸರಿ. ಅದು 217 ಡಿಗ್ರಿ ದಾಟಿದ ಮೇಲೆ ಕರಗುತ್ತದೆ, ಐರನ್ ಇನ್ನೂ ಜೋರಾಗಿರಬೇಕು, ಬೆಸುಗೆ ಸ್ವಲ್ಪ ಮಂಕಾಗಿ ಕಂಡರೆ ಗಾಬರಿ ಬೇಡ.

ಪ್ರಶ್ನೆ: ಹಳೆ ಲ್ಯಾಪ್‌ಟಾಪ್‌ನ 18650 (ಕೊಳವೆಯಾಕಾರದ ಲಿಥಿಯಂ) ಸೆಲ್‌ಗಳಿಗೆ ನೇರ ವೈರ್ ಬೆಸುಗೆ ಹಾಕಿ ಪ್ಯಾಕ್ ಮಾಡಬಹುದಾ? (ಹಾಸನ)

ಉತ್ತರ: ಬೇಡ. ಸೆಲ್‌ನ ತಗಡು ಬಿಸಿಯಾಗುವಷ್ಟರಲ್ಲಿ ಒಳಗಿನ ಪ್ಲಾಸ್ಟಿಕ್ ಸೀಲ್, ಪದರಗಳು ಹಾಳಾಗುತ್ತವೆ. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುವುದು ಅದಕ್ಕೇ. ಪಟ್ಟಿ ಮೊದಲೇ ಅಂಟಿರುವ ಸೆಲ್ ಸಿಕ್ಕರೆ ಪಟ್ಟಿಯ ಹೊರತುದಿಗೆ ವೈರ್ ಬೆಸುಗೆ ಹಾಕಬಹುದು, ಅಥವಾ ಸೆಲ್ ಹೋಲ್ಡರ್ ಕೊಳ್ಳಿ. ಲ್ಯಾಪ್‌ಟಾಪ್‌ನಿಂದ ತೆಗೆದ ಹಳೆ ಸೆಲ್‌ಗಳು ಟಾರ್ಚ್‌ಗೆ, ಬ್ಲೂಟೂತ್ ಸ್ಪೀಕರ್‌ಗೆ ಆಗಬಹುದು, ವಿಮಾನದ ಮೋಟರ್ ಎಳೆಯುವ ಆಂಪಿಯರ್ ಅವು ಕೊಡುವುದಿಲ್ಲ.